ಒಂದು ಮಗ್ಗುಲಿಗೆ ಎರಡು ರೂಪಾಯಿ

ಲಗ್ಗೆರೆ ಬ್ರಿಡ್ಜಿನ ಪಕ್ಕ ನನ್ನ ಜೆರಾಕ್ಸ್ ಅಂಗಡಿ.
ಒಂದು ಮಗ್ಗುಲಿಗೆ ಎರಡು ರೂಪಾಯಿ, ಎರಡೂ ಮಗ್ಗುಲಿಗೆ ಮೂರು,
ಹತ್ತು ದಾಟಿದರೆ ಚೌಕಾಸಿ.
ಮೂರು ಶಾಲೆಗಳ ಪರೀಕ್ಷೆ
ಈ ಒಂದೇ ಯಂತ್ರದ ಹೊಟ್ಟೆಯಿಂದ
ಹೆಂಚಿನಿಂದ ಎತ್ತಿದ ದೋಸೆಯ ಹಾಗೆ ಬಿಸಿಬಿಸಿ ಬರುತ್ತದೆ.

ಸರ್ಕಾರಿ ಶಾಲೆಯ ಶಂಷಾದ್ ಟೀಚರ್ ಕೈಯಲ್ಲೇ ಬರೆದು ತರುತ್ತಾರೆ,
ಗೆರೆ ಹಾಳೆ, ನೀಲಿ ಶಾಯಿ, ಮೂವತ್ತನಾಲ್ಕು ಪ್ರತಿ.
ದುಡ್ಡು ಅವರದೇ ಪರ್ಸಿನಿಂದ.
ಅರವತ್ತೆಂಟಾಯಿತು, ಅರವತ್ತು ಕೊಡಿ ಅನ್ನುತ್ತೇನೆ.
ರಸೀದಿ? "ಯಾರಿಗೆ ತೋರಿಸಲಪ್ಪ?"

ಗೋಡೆಯಾಚೆಯ ಶಾಲೆಗೆ ಬೋರ್ಡಿನ ಮೇಲೆ ಎರಡು ಹೆಸರು:
ಕಟ್ಟಡ ಸರ್ಕಾರದ್ದು, ನಡೆಸುವುದು ಯಾವುದೋ ಕಂಪನಿಯ ಫೌಂಡೇಶನ್ನು.
ಫೀಸಿಲ್ಲ. ಸೀಟಿಗೆ ಚೀಟಿ ಎತ್ತುತ್ತಾರೆ, ಸ್ಟೀಲು ಡಬ್ಬಿಯಿಂದ;
ಆ ದಿನ ಗೇಟಿನ ಹೊರಗೆ ಅತ್ತ ತಾಯಂದಿರು
ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿದು ಹೋಗುತ್ತಾರೆ.
ಅಲ್ಲಿಯ ಜೋಯೆಲ್ ಶುಕ್ರವಾರ ಶುಕ್ರವಾರ ವಾಟ್ಸಾಪ್ ಮಾಡುತ್ತಾನೆ,
ಯಾವ ಮಗು ಹಸಿರು, ಯಾವುದು ಹಳದಿ, ಯಾವುದು ಕೆಂಪು.
ಕಲರ್ ಪ್ರಿಂಟು. ಬಿಲ್ಲು ಪಾಸಾಗಲು ನಲವತ್ತೈದು ದಿನ.

ಇನ್ನೊಂದು ನನ್ನ ಮಗಳ ಶಾಲೆ.
ವರ್ಷಕ್ಕೆ ಐವತ್ತೆರಡು ಸಾವಿರ, ವ್ಯಾನು ಬೇರೆ.
ಅಂದರೆ ಇಪ್ಪತ್ತಾರು ಸಾವಿರ ಸಲ
ಈ ಹಸಿರು ಗುಂಡಿ ಒತ್ತಬೇಕು,
ಕಾಗದ, ಟೋನರು, ಕರೆಂಟು ಬಿಟ್ಟಿ ಸಿಕ್ಕರೆ.

ಅಕ್ಟೋಬರಿನಲ್ಲಿ, ಅರ್ಧವಾರ್ಷಿಕ, ಕರೆಂಟು ಹೋಗಿ
ಯುಪಿಎಸ್ಸು ಕೀ ಕೀ ಅನ್ನುತ್ತಿದ್ದಾಗ
ಏಳನೇ ಕ್ಲಾಸಿನ ಎರಡು ಗಣಿತದ ಕಟ್ಟು ಅದಲುಬದಲಾಯಿತು.

ಮಗಳ ಶಾಲೆಯಲ್ಲಿ ಮಿಸ್ಸು ಅರ್ಧ ನಿಮಿಷಕ್ಕೆ ವಾಪಸು ಇಸಕೊಂಡರಂತೆ.
ಫೋನಿನಲ್ಲಿ ಬೈದರು, ಇಂಗ್ಲಿಷಿನಲ್ಲಿ.
ನಾನು ಕನ್ನಡದಲ್ಲಿ ಕ್ಷಮೆ ಕೇಳಿದೆ.

ಶಂಷಾದ್ ಟೀಚರ್ ಮಾತ್ರ, ಬಂದದ್ದು ಬಂತು ಎಂದು
ಇಂಗ್ಲಿಷಿನದನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು
ಮಾಡ್ರೋ ಅಂದರಂತೆ.
ನಲ್ಲಿ ಆರು ಗಂಟೆಯಲ್ಲಿ ಸಂಪು ತುಂಬುವ ಲೆಕ್ಕ:
ಒಂಬತ್ತು ಮಕ್ಕಳಿಗೆ ಸರಿಬಂತು, ಹನ್ನೊಂದು ಹಾಳೆ ಖಾಲಿ,
ಮಿಕ್ಕವು ಅತ್ತಲೂ ಅಲ್ಲ ಇತ್ತಲೂ ಅಲ್ಲ.
ಚೌಡೇಶ ಎಂಬವನು ಬರೆದನಂತೆ:
ನಮ್ಮಲ್ಲಿ ನಲ್ಲಿ ಆರು ಗಂಟೆ ಬರುವುದಿಲ್ಲ ಮಿಸ್.
"ಅರ್ಧ ಮಾರ್ಕು ಕೊಟ್ಟೆ" ಎಂದು ನಕ್ಕರು ಟೀಚರ್,
ಆಮೇಲೆ ಆ ಖಾಲಿ ಹಾಳೆಗಳನ್ನು ತಿರುಗಿಸಿ, ಇನ್ನೊಂದು ಮಗ್ಗುಲು ನೋಡಿ,
ಬ್ಯಾಗಿಗೆ ಹಾಕಿಕೊಂಡರು.

ಆ ರಾತ್ರಿ ಹಂಸಿಕಾಳ ಬ್ಯಾಗಿನಲ್ಲೊಂದು ಪ್ರತಿ ಉಳಿದಿತ್ತು,
ಟೀಚರ ನೀಲಿ ಅಕ್ಷರ ಕಪ್ಪಾಗಿ.
"ಅಪ್ಪಾ, ಓದಿ ಹೇಳು, ಸ್ಪೀಡಾಗಿ ಬರಲ್ಲ ನನಗೆ."
ಮೂವತ್ತು ಮೊಟ್ಟೆಯಲ್ಲಿ ಆರು ಒಡೆದರೆ ಶೇಕಡಾ ಎಷ್ಟು...
"ಶೇಕಡಾ ಅಂದ್ರೆ?"
ಪರ್ಸೆಂಟು ಕಣೇ.
ನಾನು ಕನ್ನಡಕ ತೆಗೆಯುವಷ್ಟರಲ್ಲಿ ಇಪ್ಪತ್ತು ಅಂದಳು.
ಖುಷಿಪಡಬೇಕೋ, ಏನೋ ಕಳಕೊಂಡೆ ಅನ್ನಬೇಕೋ ತಿಳಿಯದೆ
ಅನ್ನಕ್ಕೆ ಸಾರು ಬಡಿಸಿಕೊಂಡೆ.

ಹೋದ ವಾರ ಸರ್ವೆಯ ಹುಡುಗಿಯೊಬ್ಬಳು ಇನ್ನೂರು ಫಾರಂ ಮಾಡಿಸಿದಳು.
ಮೂರು ಶಾಲೆಗೆ ಮೂರು ಕಾಲಮ್ಮು:
ಒಂದು ಮಗುವಿಗೆ ತಗಲುವ ಖರ್ಚು, ಸರಾಸರಿ ಅಂಕ.
ಸರ್ಕಾರಿ ಕಾಲಮ್ಮಿನಲ್ಲಿ ಸಂಬಳ, ಕಟ್ಟಡ, ಹಾಲು, ಮೊಟ್ಟೆ ಎಲ್ಲ ಬರುತ್ತಂತೆ.
ಟೀಚರು ಕೊಟ್ಟ ಅರವತ್ತು ಎಲ್ಲಿ ಬರೀತೀರಮ್ಮ, ನಾನು ಬಿಟ್ಟ ಎಂಟು?
ಅವಳು ಪೆನ್ನು ಕಚ್ಚಿ ಯೋಚಿಸಿದಳು ಪಾಪ.
"ಇತರೆ ಅಂತ ಒಂದಿದೆ ಅಂಕಲ್, ಆದ್ರೆ ಜಾಗ ಕಮ್ಮಿ."

ಡ್ರಮ್ಮಿನಲ್ಲೊಂದು ಗೀರು ಬಿದ್ದಿದೆ ಈಚೆಗೆ.
ಮೂರೂ ಶಾಲೆಯ ಹಾಳೆಯ ಬಲ ಅಂಚಿಗೆ
ಅದೇ ಕೂದಲೆಳೆಯಷ್ಟು ಕಪ್ಪು ಗೆರೆ,
ಅವಳ ಫಾರಮ್ಮಿಗೂ.
ಬದಲಾಯಿಸಲು ಆರು ಸಾವಿರ.
ಮಗಳ ಮೂರನೇ ಕಂತು ಕಟ್ಟಿದ ಮೇಲೆ ನೋಡೋಣ.